ಜಿಂಕೆ ಬರಲೆಂದು ಬಿತ್ತಿದ್ದು

ಒಮಾನಿಗೆ ತೋಟದ ಕೆಲಸಕ್ಕೆಂದು ಹೊರಟ ಹುಡುಗರು ಈಗಲೂ ಯಾರದೋ ಕೈಯಿಂದ ನನ್ನ ನಂಬರು ತೆಗೆದುಕೊಂಡು ಫೋನು ಮಾಡುತ್ತಾರೆ. ಸಂಬಳ, ರೂಮು, ರಜೆ ಎಲ್ಲ ವಿಚಾರಿಸಿ ಆದ ಮೇಲೆ ಕೊನೆಗೆ ಒಂದು ಪ್ರಶ್ನೆ ಉಳಿದಿರುತ್ತದೆ: "ಅಣ್ಣ, ಕೆಲಸ ಹೇಗುಂಟು?" ಅದಕ್ಕೆ ಫೋನಿನಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಬಿಸಿಲು ಜಾಸ್ತಿ, ಟೋಪಿ ತೆಗೆದುಕೊಂಡು ಹೋಗಿ ಎಂದು ಹೇಳಿ ಇಡುತ್ತೇನೆ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಇಷ್ಟು. ಬೇಲಿ ಹಾಕಿದ ದೊಡ್ಡದೊಂದು ಖಾಸಗಿ ಜಾಗದಲ್ಲಿ ಜಿಂಕೆಗಳಿಗೆ ರುಚಿಸುವ ಬೆಳೆ ಬೆಳೆಯುವುದು, ಹಣ್ಣಿನ ಮರ ಬೆಳೆಸುವುದು, ಅವು ಹೆದರದೆ ಹಗಲಿನಲ್ಲೇ ಬಂದು ಮೇಯುವಂತೆ ಮಾಡುವುದು. ಮೇಯುವ ಹೊಲಕ್ಕೆ ಎದುರಾಗಿ, ಗುಂಡು ತಲುಪುವ ದೂರದಲ್ಲಿ, ಕಲ್ಲು ಕಟ್ಟಿದ ಒಂದು ಮರೆ ಇತ್ತು. ಚಳಿಗಾಲದಲ್ಲಿ ಯಜಮಾನರು ಅತಿಥಿಗಳನ್ನು ಕರೆತಂದು ಅದರ ಹಿಂದೆ ಕೂರಿಸುತ್ತಿದ್ದರು. ಅಲ್ಲಿಂದ ಮುಂದಿನದು ನನ್ನ ಕೆಲಸದಲ್ಲಿ ಬರುತ್ತಿರಲಿಲ್ಲ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಯಾರೂ ತಂದು ಬಿಡದ ಮೂರು ಕಾಡು ಪ್ರಾಣಿಗಳು ಆ ಹೊಲಕ್ಕೆ ಬಂದವು. ಅವು ಗುಂಡಿಗೆ ಸಿಕ್ಕವೋ ಉಳಿದವೋ ಎಂಬುದನ್ನು ನಾನು ಹೇಳಬೇಕಾಗಿದೆ. ಆದರೆ ಹೊಲದ ವಿಷಯ ಮೊದಲು ತಿಳಿಯದಿದ್ದರೆ ಆ ವಾರ ನಾವು ಮಾಡಿದ್ದು ಹುಚ್ಚಾಟವಾಗಿ ಕಾಣುತ್ತದೆ.

ಈ ಕೆಲಸಕ್ಕೆ ಬರುವ ಮುಂಚೆ ನಾನು ಮಂಗಳೂರಿನ ಒಂದು ಪತ್ರಿಕೆಯಲ್ಲಿ ಕೃಷಿ ಪುಟಕ್ಕೆ ವರದಿ ಬರೆಯುತ್ತಿದ್ದೆ. ಕಣ್ಣಿಂದ ನೋಡಿದ್ದು ಯಾವುದು, ಕಿವಿಯಿಂದ ಕೇಳಿದ್ದು ಯಾವುದು, ಎರಡನ್ನೂ ಕಲಸಬೇಡ ಎಂದು ಅಲ್ಲಿಯ ಹಿರಿಯರು ಕಲಿಸಿದ್ದರು. ಕೆಲಸ ಬಿಟ್ಟರೂ ಆ ಅಭ್ಯಾಸ ಬಿಡಲಿಲ್ಲ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಸಂದರ್ಶನ ಮಸ್ಕತ್ತಿನ ಖುರುಮ್‌ನ ಒಂದು ಆಫೀಸಿನಲ್ಲಿ ನಡೆಯಿತು. ಪ್ರಶ್ನೆ ಕೇಳಿದವರು ಮೂರ್ತಿ ಎಂಬ ಮೈಸೂರಿನವರು. ಯಜಮಾನರ ಕಟ್ಟಡ, ಗೋದಾಮು, ತೋಟ ಎಲ್ಲದರ ವ್ಯವಹಾರ ಅವರ ಮೇಜಿನ ಮೇಲೆಯೇ ನಡೆಯುತ್ತಿತ್ತು. ನನ್ನ ಡಿಪ್ಲೊಮಾದ ಕಾಗದವನ್ನು ಅವರು ಮುಟ್ಟಲೂ ಇಲ್ಲ.

"ಪೂಜಾರಿಯವರೇ, ಜಿಂಕೆಗೆ ಏನು ಇಷ್ಟ?"

ನಾನು ಜಿಂಕೆ ಸಾಕಿದವನಲ್ಲ. ಕಾರ್ಕಳದ ಕಡೆ ಕಾಡಂಚಿನ ಗದ್ದೆಯಲ್ಲಿ ಅಪ್ಪ ಡಬ್ಬ ಬಡಿದು ಅವನ್ನು ಓಡಿಸುತ್ತಿದ್ದುದು ಮಾತ್ರ ನೋಡಿದ್ದು. ಅದನ್ನೇ ಹೇಳಿದೆ. "ಅಲಸಂದೆ ಬಿಡುವುದಿಲ್ಲ ಸರ್. ಹೆಸರು ಬಿಡುವುದಿಲ್ಲ. ಗೆಣಸಿನ ಬಳ್ಳಿ ಇದ್ದರೆ ಬುಡ ಕೂಡ ಉಳಿಸುವುದಿಲ್ಲ."

"ಹಾಗಾದ್ರೆ ಸರಿ. ಊರಲ್ಲಿ ಏನೇನು ಕಳ್ಕೊಂಡಿದ್ದೀರೋ ಅದನ್ನೇ ಇಲ್ಲಿ ಬೆಳೀರಿ" ಎಂದರು. ಕೆಲಸ ಸಿಕ್ಕಿತು.

ಮಸ್ಕತ್ತಿನಲ್ಲೇ ಹಮ್ರಿಯಾದಲ್ಲಿದ್ದ ನಮ್ಮ ಫ್ಲ್ಯಾಟಿಗೆ ಹೋಗಿ ಹೇಳಿದಾಗ ನನ್ನ ಹೆಂಡತಿ ಸುಮತಿ ಚಪಾತಿ ಲಟ್ಟಿಸುತ್ತಿದ್ದಳು. ಅವಳು ಆಗಲೇ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. "ಮಾವ ಓಡಿಸಿ ಓಡಿಸಿ ಸುಸ್ತಾದ್ರು. ನೀವು ಕರೆದು ಬಡಿಸ್ಲಿಕ್ಕೆ ಹೊರಟಿದ್ದೀರಿ. ನಿಮ್ಮ ಮನೆಯವರಿಗೂ ಜಿಂಕೆಗೂ ಏನೋ ಲೆಕ್ಕ ಬಾಕಿ ಉಂಟು" ಎಂದಳು.

ತೋಟ ಇದ್ದದ್ದು ಇಬ್ರಾ ಕಡೆಯ ಒಳನಾಡಿನಲ್ಲಿ, ಬೋಳು ಗುಡ್ಡಗಳ ನಡುವೆ. ಒಂದು ಪಕ್ಕಕ್ಕೆ ವಾದಿ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣ ಹೊಳೆ. ಬೇಲಿಯೊಳಗೆ ಇದ್ದದ್ದು ಹೊರದೇಶದಿಂದ ತರಿಸಿದ ಚುಕ್ಕೆ ಜಿಂಕೆಗಳು. ಅವಕ್ಕೆ ಕಾಗದಪತ್ರ ಇದೆ ಎಂದು ಮೂರ್ತಿಯವರು ಹೇಳಿದ್ದರು, ಇದು ಕೇಳಿದ್ದು. ಬೇಲಿಯಾಚೆ ಗುಡ್ಡಗಳಲ್ಲಿ ಗಝಾಲ್ ಇದ್ದವು. ನಮ್ಮ ಚಿಂಕಾರದ ಜಾತಿ, ಮೇಕೆಗಿಂತ ಸಣ್ಣ, ಮರಳಿನ ಬಣ್ಣ. ಅವುಗಳ ಬೇಟೆಗೆ ಅಲ್ಲಿ ಕಾನೂನು ಬಲು ಕಠಿಣ. ತೋಟದಲ್ಲಿದ್ದವರು ನಾವು ಮೂರು ಮಂದಿ: ನಾನು, ಚಿತ್ತಗಾಂಗಿನ ಕಾಸಿಂ, ಕಾವಲಿಗೆ ಆ ಊರಿನವನೇ ಆದ ಮುದುಕ ಸಾಲಿಂ. ಯಜಮಾನರನ್ನು ನಾವು ಅರ್ಬಾಬ್ ಎನ್ನುತ್ತಿದ್ದೆವು. ಕೊಲ್ಲಿಯಲ್ಲಿ ಕೂಲಿಯವನಿಂದ ಮ್ಯಾನೇಜರನವರೆಗೆ ಎಲ್ಲರೂ ಧಣಿಗೆ ಹಾಗೆಯೇ ಅನ್ನುವುದು.

ಮೊದಲ ವರ್ಷ ಹೊಲ ಎದ್ದು ನಿಂತಿತು, ಜಿಂಕೆ ಬರಲಿಲ್ಲ. ಅಲಸಂದೆ ಮೊಣಕಾಲೆತ್ತರ, ಗೆಣಸಿನ ಬಳ್ಳಿ ನೆಲ ಮುಚ್ಚಿದೆ, ಗತ್ ಎಂದು ಅಲ್ಲಿಯವರು ಕರೆಯುವ ಕುದುರೆ ಮೇವು ಕಡು ಹಸಿರಾಗಿ ನಿಂತಿದೆ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಗೊರಸಿನ ಗುರುತಿಲ್ಲ. ಅರ್ಬಾಬ್ ಎರಡು ಸಲ ಅತಿಥಿಗಳನ್ನು ತಂದು ಖಾಲಿ ಹೊಲ ತೋರಿಸಿ ವಾಪಸು ಹೋದರು. ಮೂರ್ತಿಯವರ ಫೋನು ಬಂತು. ನಾನು ಮಣ್ಣು, ನೀರು, ಗೊಬ್ಬರ ಎಂದು ಒಂದೊಂದಾಗಿ ವಿವರಿಸತೊಡಗಿದೆ. "ಪೂಜಾರಿಯವರೇ, ಪೇಪರ್ ಅಲ್ಲ ಇದು. ಹೆಡ್‌ಲೈನ್ ಹೇಳಿ. ಯಾಕೆ ಬರ್ತಿಲ್ಲ?" ಎಂದರು. 

ಕಾರಣ ತಿಳಿದದ್ದು ಕಾಸಿಂ ರಜೆಯ ಮೇಲೆ ಊರಿಗೆ ಹೋದಾಗ. ಒಬ್ಬನೇ ಆದ್ದರಿಂದ ಹೊಲದ ಒಂದು ಪಕ್ಕದ ಬದುವನ್ನು ಕೆತ್ತಲು ನನ್ನಿಂದ ಆಗಿರಲಿಲ್ಲ. ಹುಲ್ಲು ಎದ್ದಿತು, ಕುರುಚಲು ಚಿಗುರಿತು. ಮೊದಲ ಗೊರಸು ಬಿದ್ದದ್ದು ಅದೇ ಪಕ್ಕದಿಂದ.

ನಮ್ಮ ಕಡೆ ಗದ್ದೆ ಮಾಡುವವನ ಮರ್ಯಾದೆ ಬದುವಿನಲ್ಲಿದೆ. ಪೈರು ಹೇಗೇ ಇರಲಿ, ಬದು ಕೆತ್ತದವನು ಸೋಮಾರಿ ಎಂದು ದಾರಿಹೋಕನೂ ಹೇಳುತ್ತಾನೆ. ನಾನು ಹೊಲದ ನಾಲ್ಕೂ ಸುತ್ತ ಒಂದು ಕಡ್ಡಿ ಇಲ್ಲದಂತೆ ಕೆತ್ತಿಸಿ, ಜಾಲಿಯ ಪೊದೆ ಕಡಿಸಿ, ಅಂಗಳದ ಹಾಗೆ ಇಟ್ಟಿದ್ದೆ. ಜಿಂಕೆಗೆ ಅದು ಬಟ್ಟಬಯಲು. ಮೈ ಮರೆಸಿಕೊಂಡು ನಿಂತು ಗಾಳಿ ಮೂಸಲು ಒಂದು ಪೊದೆ ಇಲ್ಲದಿದ್ದರೆ ಅದು ಅಮೃತ ಬೆಳೆದಿದ್ದರೂ ಒಳಗೆ ಕಾಲಿಡುವುದಿಲ್ಲ. ನಮ್ಮ ಅಪ್ಪಂದಿರು ಬದು ಕೆತ್ತುತ್ತಿದ್ದುದರಲ್ಲಿ ಮರ್ಯಾದೆಯಷ್ಟೇ ಅಲ್ಲ, ಕಾವಲೂ ಇದ್ದಿರಬೇಕು ಎಂದು ನನಗೆ ಹೊಳೆದದ್ದು ಆಗಲೇ.

ಅರ್ಬಾಬ್ ಮುಂದಿನ ಸಲ ಬಂದಾಗ ಇದನ್ನು ಹೇಳಿದೆ. ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಕೇಳಿ ತುಂಬ ಹೊತ್ತು ನಕ್ಕರು. ನಿಮ್ಮೂರಿನ ಬದು ನಮ್ಮ ಬೇಲಿಗಿಂತ ಗಟ್ಟಿ, ಅಷ್ಟು ಖರ್ಚು ಮಾಡಿ ತಂತಿ ಹಾಕಿಸುವ ಬದಲು ನಿನ್ನನ್ನೇ ಮೊದಲು ಕರೆಸಬೇಕಿತ್ತು ಎಂದರು. ಈ ನಗೆ ಮುಂದೆ ಕೆಲಸಕ್ಕೆ ಬಂತು. ಅದಕ್ಕೇ ಬರೆದೆ.

ಆಮೇಲಿನ ವರ್ಷಗಳಲ್ಲಿ ಕೆಲಸ ಒಂದು ಹದಕ್ಕೆ ಬಂತು. ಅಂಚಿನಲ್ಲಿ ಪೊದೆ ಬೆಳೆಸಿದೆ, ಅದರ ಹಿಂದೆ ಹಣ್ಣಿನ ಮರ ಹಾಕಿದೆ. ಅಂಜೂರ, ಹಿಪ್ಪುನೇರಳೆ, ಸೀಬೆ. ಎಲ್ಲಕ್ಕಿಂತ ಹೆಚ್ಚು ಸಿದ್ರ್, ಅದು ನಮ್ಮ ಬೋರೆಯ ಜಾತಿ. ಹೊಸಬರಿಗೆ ಒಂದು ಮಾತು: ಎಲ್ಲ ಮರ ಒಂದೇ ಕಾಲಕ್ಕೆ ಹಣ್ಣು ಉದುರಿಸುವ ಹಾಗೆ ಹಾಕಬೇಡಿ. ಒಂದು ಮುಗಿಯುವಾಗ ಇನ್ನೊಂದು ಶುರುವಾಗಬೇಕು. ಪ್ರಾಣಿಗೆ ಒಮ್ಮೆ ದಾರಿ ತಪ್ಪಿದರೆ ಅದನ್ನು ಮತ್ತೆ ಆ ದಾರಿಗೆ ತರಲು ಒಂದು ಚಳಿಗಾಲ ಬೇಕು.

ಇನ್ನೊಂದು, ಪಂಪು. ಅಸರ್‌ನ, ಅಂದರೆ ಇಳಿಹೊತ್ತಿನ ನಮಾಜಿನ, ಬಾಂಗ್ ಮುಗಿದ ಮೇಲೆ ನಾನು ಪಂಪು ಹಾಕುತ್ತಿದ್ದೆ. ಮೊದಲಿಗೆ ಆ ಸದ್ದಿಗೆ ಜಿಂಕೆಗಳು ಓಡುತ್ತಿದ್ದವು. ವರ್ಷ ಕಳೆದಂತೆ ಸದ್ದು ಎಂದರೆ ನೀರು, ನೀರು ಎಂದರೆ ಎಳೆ ಚಿಗುರು ಎಂದು ಗೊತ್ತಾಯಿತು. ಪಂಪಿನ ಸದ್ದಿಗೆ ಹಟ್ಟಿಯ ದನಗಳಂತೆ ಬರತೊಡಗಿದವು. ಅತಿಥಿಗಳಿಗೆ ಇದರಿಂದ ಬಹಳ ಅನುಕೂಲವಾಯಿತು.

ಕ್ಯಾಮೆರಾ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಮೊದಲು ಬೆಳಿಗ್ಗೆ ನಡೆದುಹೋಗಿ ಗೊರಸು, ಹಿಕ್ಕೆ, ಕಚ್ಚಿದ ತುದಿ ನೋಡಿ ಎಷ್ಟು ಬಂದಿದ್ದವು ಎಂದು ಅಂದಾಜು ಮಾಡುತ್ತಿದ್ದೆ. ಈಗ ಮರಕ್ಕೆ ಕಟ್ಟಿದ ಡಬ್ಬ ತಾನೇ ಫೋಟೊ ತೆಗೆದು ನನ್ನ ಫೋನಿಗೂ ಅರ್ಬಾಬರ ಫೋನಿಗೂ ಒಟ್ಟಿಗೆ ಕಳುಹಿಸುತ್ತಿತ್ತು. ನಾನು ಚಪ್ಪಲಿ ಮೆಟ್ಟುವ ಮೊದಲೇ ನನ್ನ ಹೊಲದ ಸುದ್ದಿ ಖುರುಮ್ ತಲುಪಿರುತ್ತಿತ್ತು. ಫೋಟೊ ನೋಡಿ ನೋಡಿ ಪ್ರಾಣಿಗಳ ಮುಖ ಪರಿಚಯವಾಯಿತು. ಅದು ಈ ಕೆಲಸದಲ್ಲಿ ಒಳ್ಳೆಯದಲ್ಲ. ಒಂದು ಹಳೆಯ ಗಂಡಿಗೆ ಎಡಗೊಂಬು ಪ್ರತಿ ವರ್ಷ ಉದುರಿ ಮತ್ತೆ ಸೊಟ್ಟಗೇ ಮೂಡುತ್ತಿತ್ತು. ಕಾಸಿಂ ಅದನ್ನು ಲಂಗಡಾ, ಕುಂಟ, ಎನ್ನುತ್ತಿದ್ದ. ಕುಂಟಿದ್ದು ಕೊಂಬು, ಕಾಲಲ್ಲ ಎಂದರೂ ಕೇಳಲಿಲ್ಲ. ಕೊಂಬು ಸೊಟ್ಟಗಿದ್ದದ್ದಕ್ಕೆ ಅತಿಥಿಗಳು ಅದನ್ನು ಯಾವಾಗಲೂ ಬಿಟ್ಟುಬಿಡುತ್ತಿದ್ದರು. ಹಾಗಾಗಿ ಅದಕ್ಕೆ ವಯಸ್ಸಾಯಿತು.

ಒಂದು ವರ್ಷ ದೊಡ್ಡ ಮಳೆ ಬಂದು ವಾದಿಯ ಕಡೆಯ ಬೇಲಿ ಉದ್ದಕ್ಕೆ ಕೊಚ್ಚಿಹೋಯಿತು. ಜಿಂಕೆಗಳೇನೂ ಓಡಿಹೋಗಲಿಲ್ಲ, ಮೇವು ಒಳಗಿತ್ತಲ್ಲ. ಹೊಸ ಬೇಲಿ ಕೇಳಿ ಆಫೀಸಿಗೆ ಬರೆದೆ. ಮೂರು ಕೊಟೇಶನ್ ಬೇಕು ಎಂದು ಉತ್ತರ ಬಂತು. ಮೂರು ಕಳುಹಿಸಿದೆ. ಒಂದರ ಅವಧಿ ಮುಗಿದಿದೆ, ಹೊಸದು ಕಳುಹಿಸಿ ಎಂದರು. ಅಷ್ಟರಲ್ಲಿ ವಾದಿ ಒಣಗಿ ಬಿಳಿ ಕಲ್ಲಾಯಿತು, ಸಿದ್ರ್ ಹಣ್ಣಾಯಿತು.

ಆ ಹಣ್ಣಿನ ವಾಸನೆಗೆ ಗಝಾಲ್ ಬಂದವು. ಒಂದು ಹೆಣ್ಣು, ಬೆಳೆದ ಅದರ ಮರಿ, ಹಿಂದೆ ದೂರದಲ್ಲಿ ಒಂದು ಗಂಡು. ಮೊದಲ ಫೋಟೊ ನೋಡಿದಾಗ ನಾನು ಗಂಜಿ ಕುಡಿಯುತ್ತಿದ್ದೆ. ಖುಷಿಯಾಯಿತು ಎಂದು ಬರೆದರೆ ಸುಳ್ಳು. ಅದೇ ಫೋಟೊ ಈಗ ಇನ್ನೊಂದು ಫೋನಿನಲ್ಲೂ ತೆರೆದಿದೆ ಎಂಬುದೇ ಮೊದಲು ತಲೆಗೆ ಬಂದದ್ದು.

ಅದು ನಿಜವಾಯಿತು. ಭಾನುವಾರ, ಅಲ್ಲಿಯ ವಾರದ ಮೊದಲ ದಿನ, ಮೂರ್ತಿಯವರು ಫೋನು ಮಾಡಿದರು. ಅರ್ಬಾಬ್ ಒಂದು ಊಟದ ಕೂಟದಲ್ಲಿ ಆ ಫೋಟೊವನ್ನು ಹೆಮ್ಮೆಯಿಂದ ತೋರಿಸಿದ್ದರು. ಹೊರದೇಶದಿಂದ ಬಂದಿದ್ದ ಅತಿಥಿಯೊಬ್ಬರು, ಯಾವುದೋ ದೊಡ್ಡ ವ್ಯವಹಾರದವರು, ಚುಕ್ಕೆ ಜಿಂಕೆ ಸಾಕು, ನನಗೆ ಇದು ಬೇಕು ಎಂದಿದ್ದರು. ಗುರುವಾರ ಬರುವುದು ಎಂದು ತೀರ್ಮಾನವಾಗಿತ್ತು.

"ಅರ್ಬಾಬ್ ಏನು ಹೇಳಿದ್ರು ಸರ್?" ಎಂದು ಕೇಳಿದೆ.

"ಏನು ಹೇಳ್ತಾರೆ? ಮನೆಗೆ ಬಂದ ಗೆಸ್ಟ್. ಇನ್‌ಷಾ ಅಲ್ಲಾ ಅಂದ್ರು."

ಒಮಾನಿನಲ್ಲಿ ಅಷ್ಟು ವರ್ಷ ಇದ್ದು ನಾನು ತಿಳಿದದ್ದು: ಹಳೆಯ ಮನೆತನದವರು ಅತಿಥಿಗೆ ಎದುರಿಗೆ ಇಲ್ಲ ಎನ್ನುವುದಿಲ್ಲ. ಕೇಳಿದವನ ಮುಖ ಕೆಡಬಾರದು. ಕೊಡಲು ಮನಸ್ಸಿದ್ದರೂ ಇನ್‌ಷಾ ಅಲ್ಲಾ, ಇಲ್ಲದಿದ್ದರೂ ಇನ್‌ಷಾ ಅಲ್ಲಾ. ಯಾವುದು ಯಾವುದೆಂದು ಕೆಲಸದವನು ತಿಳಿದುಕೊಳ್ಳಬೇಕು.

"ಗಝಾಲ್ ಹೊಡೆದರೆ ಕೇಸಾಗ್ತದೆ ಸರ್."

"ಆಗುತ್ತೆ. ಗೆಸ್ಟ್ ಫ್ಲೈಟ್ ಹತ್ತಿರ್ತಾರೆ. ಫಾರ್ಮ್ ಇನ್‌ಚಾರ್ಜ್ ಅಂತ ಪೇಪರ್‌ನಲ್ಲಿ ಇರೋದು ನಿಮ್ಮ ಹೆಸರು." ಅವರೇ ಮುಂದುವರಿಸಿದರು. "ನಾನು ಏನೂ ಹೇಳ್ತಿಲ್ಲ, ನೋಡಿ. ಇನ್ಫರ್ಮೇಶನ್ ಕೊಡ್ತಿದೀನಿ ಅಷ್ಟೆ."

ಮೊದಲು ಓಡಿಸಿ ನೋಡಿದೆವು. ಕಾಸಿಂ ಎಣ್ಣೆ ಡಬ್ಬ ಬಡಿದ, ಸಾಲಿಂ ಜೀಪಿನ ಹಾರ್ನು ಒತ್ತಿದ. ಗಝಾಲ್ ಬೇಲಿ ಕೊಚ್ಚಿಹೋದ ಕಡೆಯಿಂದ ವಾದಿಗೆ ಜಿಗಿದು ಗುಡ್ಡ ಹತ್ತಿದವು. ಮರುದಿನ ಬೆಳಿಗ್ಗೆ ಫೋಟೊದಲ್ಲಿ ಮತ್ತೆ ಅದೇ ಮರದ ಬುಡದಲ್ಲಿದ್ದವು. ಹಸಿದ ಪ್ರಾಣಿಗೆ ಡಬ್ಬದ ಸದ್ದು ಒಂದು ದಿನದ ಮಾತು.

ಅಪ್ಪನ ಇನ್ನೊಂದು ಉಪಾಯ ಬೆರ್ಚಪ್ಪ. ಬಡಿಗೆಗೆ ಸಾಲಿಂನ ಹಳೆಯ ದಿಶ್‌ದಾಶಾ ತೊಡಿಸಿ ಸಿದ್ರ್ ಮರದ ಹತ್ತಿರ ನಿಲ್ಲಿಸಿದೆ. ಆ ಉದ್ದ ಬಿಳಿ ಅಂಗಿ ಗಾಳಿಗೆ ಉಬ್ಬಿ, ಥೇಟು ಸಾಲಿಂನೇ ನಿಂತ ಹಾಗಿತ್ತು. ಅವನು ಸುತ್ತ ಒಂದು ಸಲ ನಡೆದು ನೋಡಿದ. "ನನ್ನನ್ನೇ ಬೇಟೆಗೆ ನಿಲ್ಲಿಸಿದ್ದೀಯ. ಆ ಗೆಸ್ಟ್‌ಗೆ ಕಣ್ಣು ಸರಿ ಇಲ್ಲದಿದ್ದರೆ?" ಎಂದ. ಗಝಾಲ್ ಬೆರ್ಚಪ್ಪನ ನೆರಳಿನಲ್ಲೇ ಹಣ್ಣು ತಿಂದು ಹೋದವು. ಗುರುವಾರ ಕಲ್ಲಿನ ಮರೆಯಿಂದ ಕಾಣುತ್ತದೆ ಎಂದು ಅದನ್ನು ಕಿತ್ತೆವು. ಸಾಲಿಂ ಅಂಗಿ ಕೊಡವಿ ಮತ್ತೆ ತೊಟ್ಟುಕೊಂಡ.

ಉಳಿದದ್ದು ಬದು.

ಮಂಗಳವಾರ ಬೆಳಿಗ್ಗೆ ಶುರು ಮಾಡಿದೆವು. ಇಷ್ಟು ವರ್ಷ ನೀರು ಹಾಯಿಸಿ ಬೆಳೆಸಿದ ಅಂಚಿನ ಪೊದೆ, ಹುಲ್ಲು, ಎಳೆ ಜಾಲಿ ಎಲ್ಲವನ್ನೂ ನೆಲಮಟ್ಟಕ್ಕೆ ಕಡಿದೆವು. ಕಾಸಿಂ ಮೆಷಿನ್ನು ಹಿಡಿದ, ನಾನು ಕತ್ತಿ ಹಿಡಿದೆ. ಉದುರಿದ ಸಿದ್ರ್ ಹಣ್ಣನ್ನು ಗುಡಿಸಿ ಗುಂಡಿಗೆ ಹಾಕಿದೆವು. ಕೈಯಲ್ಲಿ ಬೊಬ್ಬೆ ಎದ್ದಿತು. ಪೊದೆಗಳನ್ನು ನೋಡಿ ಬೇಸರಪಡುವಷ್ಟು ಹೊತ್ತು ಇರಲಿಲ್ಲ. ಇಷ್ಟೊಂದು ಕಡಿಯುವುದು ಯಾಕೆ, ಅರ್ಬಾಬ್ ಕೇಳಿದರೆ ಏನು ಹೇಳುವುದು ಎಂದು ಕಾಸಿಂ ಕೇಳಿದ. ನಮ್ಮೂರಲ್ಲಿ ಹೀಗೇ ಇಡುವುದು ಎಂದು ಹೇಳು ಎಂದೆ. ಬುಧವಾರ ಸಂಜೆಗೆ ಹೊಲ ನನ್ನ ಮೊದಲ ವರ್ಷದಂತೆ ಆಯಿತು: ನಡುವೆ ಹಸಿರು, ಸುತ್ತ ಅಂಗಳ. ಗುರುವಾರ ಬೆಳಿಗ್ಗೆ ಕ್ಯಾಮೆರಾದಲ್ಲಿ ಗಝಾಲ್ ಇರಲಿಲ್ಲ. ಚುಕ್ಕೆ ಜಿಂಕೆಗಳೂ ದೂರದ ಮೂಲೆಗೆ ಸರಿದಿದ್ದವು.

ಮಧ್ಯಾಹ್ನದ ಮೇಲೆ ಅವರು ಬಂದರು. ಅತಿಥಿ ಹೆಚ್ಚು ಮಾತಿನವರಲ್ಲ, ಬಂದೂಕನ್ನು ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದಿದ್ದರು. ಮರೆಯ ಹಿಂದೆ ಚಾಪೆ ಹಾಸಿ, ಖರ್ಜೂರ, ಕಾವಾ ಎಂಬ ಅಲ್ಲಿಯ ಕಾಫಿ ಇಟ್ಟು ನಾನು ಹಿಂದೆ ಕುಳಿತೆ. ಅರ್ಬಾಬ್ ಹೊಲದ ಕಡೆ ನೋಡಿದರು. ಅವರ ಕಣ್ಣು ಬದುವಿನ ಉದ್ದಕ್ಕೂ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ನಿಂತಿತು. ಆಮೇಲೆ ಕಾವಾದ ಲೋಟ ತುಂಬಿಸಲು ನನ್ನತ್ತ ಚಾಚಿದರು.

ಬಿಸಿಲು ಇಳಿಯಿತು. ಏನೂ ಬರಲಿಲ್ಲ. ಅತಿಥಿ ಎರಡು ಸಲ ಏನೋ ಕೇಳಿದರು. ಅರ್ಬಾಬ್ ಎರಡು ಸಲವೂ ನಸೀಬ್ ಎಂದರು. ಮೂರನೆಯ ಸಲ ಅತಿಥಿಯ ದನಿ ಗಡುಸಾಗಿತ್ತು. ವಾದಿಯ ಕಡೆಗೆ ಕೈ ತೋರಿಸಿ, ನಡೆದುಹೋಗಿ ಹುಡುಕೋಣ ಎನ್ನುತ್ತಿದ್ದಾರೆಂದು ನನಗೂ ತಿಳಿಯಿತು. ಬಂದೂಕು ಹೆಗಲಿಗೇರಿಸಿ ಎದ್ದೂ ಬಿಟ್ಟರು.

ಅರ್ಬಾಬ್ ಅವರ ತೋಳು ಹಿಡಿದು ಕೂರಿಸಿದರು. ಆಮೇಲೆ ಹಿಂದೆ ತಿರುಗದೆಯೇ ನನಗೆ ಹಿಂದಿಯಲ್ಲಿ ಹೇಳಿದರು: "ಪೂಜಾರಿ, ಪಂಪು ಹಾಕು."

ನಾನು ಹೋಗಿ ಪಂಪು ಹಾಕಿದೆ. ಆ ಸದ್ದಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗಝಾಲ್‌ಗೆ ಅದು ಬರೀ ಸದ್ದು. ನಮ್ಮ ಜಿಂಕೆಗಳಿಗೆ ಅದು ಊಟದ ಕರೆ.

ಎಳೆಯವು ಬಯಲು ನೋಡಿ ಅಲ್ಲೇ ನಿಂತವು. ಬಂದದ್ದು ಲಂಗಡಾ. ಪೊದೆ ಇದ್ದ ಜಾಗಕ್ಕೆ ಬಂದು ಅದು ಎಂದಿನಂತೆ ನಿಂತಿತು. ಮರೆಯಾಗಲು ಅಲ್ಲಿ ಏನೂ ಇರಲಿಲ್ಲ. ಆದರೂ ಅಷ್ಟೇ ಹೊತ್ತು ನಿಂತು, ಮೂಸಿ, ನೀರಿನ ಕಡೆಗೆ ನಡೆದು ಬಂತು. ಒಂದೇ ಗುಂಡು. ನಾನು ಪಂಪಿನ ಹತ್ತಿರವೇ ಇದ್ದೆ, ಬಿದ್ದದ್ದನ್ನು ನೋಡಿದೆ. ಗುಂಡಿನ ಸದ್ದಿಗೆ ವಾದಿಯ ಆಚೆಯ ದಿಬ್ಬದಿಂದ ಮೂರು ಗಝಾಲ್ ಎದ್ದು ಗುಡ್ಡದ ಹಿಂದಕ್ಕೆ ಹೋದವು ಎಂದು ಸಾಲಿಂ ಆಮೇಲೆ ಹೇಳಿದ. ಅದು ಅವನು ನೋಡಿದ್ದು.

ಅತಿಥಿಗೆ ತೃಪ್ತಿಯಾಗಿರಲಿಲ್ಲ, ಆದರೆ ಬರಿಗೈಯಲ್ಲಿ ಹೋಗಲಿಲ್ಲ. ಸೊಟ್ಟ ಕೊಂಬು ಕಾಣದ ಹಾಗೆ ತಲೆ ತಿರುಗಿಸಿ ಫೋಟೊ ತೆಗೆಸಿಕೊಂಡರು. ಅವರು ಗಾಡಿಯಲ್ಲಿ ಕುಳಿತ ಮೇಲೆ ಅರ್ಬಾಬ್ ನನ್ನ ಹತ್ತಿರ ಬಂದರು. ಚಪ್ಪಲಿಯ ತುದಿಯಿಂದ ಬದುವಿನ ಮಣ್ಣು ಕೆದರಿದರು.

"ನಿಮ್ಮೂರಿನ ಬದು" ಎಂದರು.

"ಹೌದು ಅರ್ಬಾಬ್."

"ಬೇಲಿಗೆ ಇನ್ನು ಕೊಟೇಶನ್ ಬೇಡ. ಶನಿವಾರ ಕೆಲಸ ಶುರು ಮಾಡಿಸಲಿಕ್ಕೆ ಮೂರ್ತಿಗೆ ಹೇಳು. ಖಲಾಸ್."

ಅಷ್ಟೇ ಮಾತು. ಬೈಯಲೂ ಇಲ್ಲ, ಮೆಚ್ಚಲೂ ಇಲ್ಲ. ಬೇಲಿಯಾಯಿತು. ನಾನು ಮತ್ತೆ ಪೊದೆ ಬೆಳೆಸಿದೆ. ಮುಂದಿನ ಚಳಿಗಾಲಕ್ಕೆ ಮತ್ತೆ ಅತಿಥಿಗಳು ಬಂದರು, ಮತ್ತೆ ಪಂಪು ಹಾಕಿದೆ. ಹಮ್ರಿಯಾದಲ್ಲಿ ಸುಮತಿ ಒಮ್ಮೆ ಊಟಕ್ಕೆ ಕೂತಾಗ, ಈಗೀಗ ತೋಟದ ಕತೆ ಹೇಳುವುದೇ ಇಲ್ಲ ಯಾಕೆ ಎಂದು ಕೇಳಿದಳು. ಹೇಳುವಂಥದ್ದು ಏನಿಲ್ಲ ಎಂದೆ. ಕೆಲಸ ಬಿಡಲು ವಯಸ್ಸೂ ಆಗಿತ್ತು, ಆಯಾಸವೂ ಆಗಿತ್ತು. ಎರಡರಲ್ಲಿ ಯಾವುದು ಮೊದಲು ಆಯಿತೆಂದು ನಾನು ಖಚಿತವಾಗಿ ಹೇಳಲಾರೆ.

ಈ ಕೆಲಸಕ್ಕೆ ಹೋಗುವವರಿಗೆ ಹೋಗಬೇಡಿ ಎನ್ನುವುದಿಲ್ಲ. ಬೆಳೆ ಬೆಳೆಯುವುದು ಎಲ್ಲಾದರೂ ಬೆಳೆ ಬೆಳೆಯುವುದೇ. ಆದರೆ ಪ್ರಾಣಿಗೆ ಭಯ ಬಿಡಿಸುವುದು ಈ ಕೆಲಸದ ಅರ್ಧ ಎಂದು ಯಾವ ಸಂದರ್ಶನದಲ್ಲೂ ಯಾರೂ ಹೇಳುವುದಿಲ್ಲ. ಅದನ್ನು ತಿಳಿದು ಹೋಗಿ.

ಕೊನೆಯ ದಿನ ಸಾಮಾನು ಕಟ್ಟಿ ಆದ ಮೇಲೆ, ಗಾಡಿ ಬರಲು ಹೊತ್ತಿದ್ದುದರಿಂದ ಸಾಲಿಂ ಜೊತೆ ಹೊಸ ಬೇಲಿಯ ಆಚೆ ವಾದಿಯಲ್ಲಿ ಸ್ವಲ್ಪ ದೂರ ನಡೆದೆ. ಗಝಾಲ್ ಮೆಲುಕು ಹಾಕುವಾಗ ಸಿದ್ರ್ ಹಣ್ಣಿನ ಬೀಜ ಉಗುಳುತ್ತವೆ. ಆ ವರ್ಷ ನನ್ನ ಮರದಲ್ಲಿ ತಿಂದದ್ದನ್ನು ಅವು ದಿಬ್ಬದ ಜಾಲಿಯ ನೆರಳಲ್ಲಿ ಮಲಗಿ ಉಗುಳಿದ್ದಿರಬೇಕು. ಮುಳ್ಳಿನ ನಡುವೆ, ಮೇಕೆಯ ಬಾಯಿಗೆ ಸಿಗದ ಹಾಗೆ, ನಾಲ್ಕಾರು ಸಿದ್ರ್ ಸಸಿಗಳು ಮೊಣಕಾಲೆತ್ತರಕ್ಕೆ ಎದ್ದಿದ್ದವು. ಪೈಪು ಅಲ್ಲಿಯವರೆಗೆ ಬರುವುದಿಲ್ಲ. ಪಂಪಿನ ಸದ್ದು ಸಣ್ಣಗೆ ಕೇಳುತ್ತದೆ.

ನೀರು ಹಾಕಿಸಬೇಕೇ, ಕಾಸಿಂನಿಗೆ ಹೇಳಲೇ ಎಂದು ಸಾಲಿಂ ಕೇಳಿದ.

ಬೇಡ ಎಂದೆ.